ವೀರ್ಯದ ರಿಪೋರ್ಟ್‌ನಲ್ಲಿ ‘ನೂರಕ್ಕೆ ನೂರು ದುಂಡು ತಲೆ’ ಅಂತ ಬಂದಿದೆ. ಇಲಿಗಳಲ್ಲೂ ಹೀಗೇ ಆಗುತ್ತಂತೆ, ಹೌದಾ?

ಸೇಡಂ_ತೊಗರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲೋ ಬೇಡವೋ ಅಂತ ಹದಿನೈದು ದಿನ ಒದ್ದಾಡಿದೆ. ಮನೆಯಲ್ಲಿ ಯಾರ ಮುಂದೆಯೂ ಬಾಯಿ ಬರಲಿಲ್ಲ. ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನನಗೆ 33 ವರ್ಷ. ಸೇಡಂ ತಾಲೂಕಿನ ಹಳ್ಳಿ. ಎಂಟು ಎಕರೆ ತೊಗರಿ ಇದೆ, ಜೊತೆಗೆ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತೇನೆ. ಮದುವೆಯಾಗಿ ಆರು ವರ್ಷ. ಹೆಂಡತಿ ನನ್ನ ಸೋದರಮಾವನ ಮಗಳು. ಮಕ್ಕಳಿಲ್ಲ. ಈ ಆರು ವರ್ಷವೂ ಟೆಸ್ಟ್ ಆಗಿದ್ದು ಅವಳಿಗೇ. ಸ್ಕ್ಯಾನ್, ಟ್ಯೂಬ್ ಎಕ್ಸ್‌ರೇ, ತಿಂಗಳು ತಿಂಗಳು ಮಾತ್ರೆ. ಎಲ್ಲಾ ನಾರ್ಮಲ್. ಶರಣಬಸಪ್ಪನ ಗುಡಿಗೂ ಹರಕೆ ಹೊತ್ತೆವು, ಬಂದೇನವಾಜರ ದರ್ಗಾಕ್ಕೂ ಹೊತ್ತೆವು. ನನ್ನದೊಂದು ಟೆಸ್ಟ್ ಮಾಡಿಸಿ ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಹೋದ ತಿಂಗಳು ಕಲಬುರಗಿಯಲ್ಲಿ ಬೇರೆ ಡಾಕ್ಟರ್ ಹತ್ತಿರ ಹೋದೆವು. ಅವರು ಮೊದಲು ನನ್ನನ್ನೇ ಲ್ಯಾಬ್‌ಗೆ ಕಳಿಸಿದರು. ರಿಪೋರ್ಟ್ ಹೀಗಿದೆ: ವೀರ್ಯಾಣು ಮಿಲಿಲೀಟರ್‌ಗೆ 4 ಕೋಟಿ 10 ಲಕ್ಷ. ಓಡಾಡುವವು 45%. ಸರಿಯಾದ ಆಕಾರದವು 0. ದುಂಡು ತಲೆಯವು 100%.

ಡಾಕ್ಟರ್ ಕಾಗದದ ಮೇಲೆ ಒಂದು ಚಿತ್ರ ಬರೆದು, ‘ಇದಕ್ಕೆ ಗ್ಲೋಬೋಜೂಸ್ಪರ್ಮಿಯಾ ಅಂತಾರೆ, ಜೀನ್ ತೊಂದರೆ ಇರಬಹುದು, ಇಲಿಗಳಲ್ಲಿ ಒಂದು ಜೀನ್ ತೆಗೆದರೆ ಇದೇ ಆಗುತ್ತದೆ’ ಅಂದರು. ಹೊರಗೆ ಇನ್ನೂ ನಲವತ್ತು ಜನ ಕೂತಿದ್ದರು. ಜಾಸ್ತಿ ಕೇಳಲು ಆಗಲಿಲ್ಲ.

ನನ್ನ ಆರೋಗ್ಯ ಚೆನ್ನಾಗಿದೆ. ಗಂಡ ಹೆಂಡತಿ ನಡುವೆಯೂ ಯಾವ ತೊಂದರೆ ಇಲ್ಲ. ಹಾಗಿದ್ದಾಗ ಒಂದೇ ಒಂದು ಜೀನ್‌ನಿಂದ ಇಷ್ಟೆಲ್ಲ ಆಗುತ್ತಾ? ಇಲಿಗೂ ನನಗೂ ಏನು ಸಂಬಂಧ?

ಇನ್ನೊಂದು ವಿಷಯ. ನಮ್ಮ ಅಣ್ಣನಿಗೂ ಮಕ್ಕಳಿಲ್ಲ. ಮೊದಲ ವೈನಿಗೆ ಏಳನೇ ವರ್ಷಕ್ಕೆ ಸೋಡಚೀಟಿ ಕೊಟ್ಟು ತವರಿಗೆ ಕಳಿಸಿದರು. ಎರಡನೇ ಮದುವೆಯಾಗಿ ನಾಲ್ಕು ವರ್ಷ, ಈಗಲೂ ಇಲ್ಲ. ತಂಗಿಗೆ ಎರಡು ಮಕ್ಕಳಿವೆ. ನಮ್ಮ ಅವ್ವ ಅಂದರೆ ಅಪ್ಪನಿಗೆ ಅಕ್ಕನ ಮಗಳೇ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ ಗೊತ್ತಿಲ್ಲ, ಹೇಳಬೇಕು ಅನ್ನಿಸಿತು.

---

ಲ್ಯಾಬ್_ಕಲಬುರಗಿ:

ಸರ್, ನಾನು ಕಲಬುರಗಿಯಲ್ಲಿ ಹನ್ನೊಂದು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ಜೀನ್ ವಿಷಯ ತಿಳಿದವರು ಹೇಳಲಿ. ಸ್ಲೈಡ್‌ನಲ್ಲಿ ನಮಗೆ ಏನು ಕಾಣುತ್ತದೆ ಅನ್ನುವುದನ್ನು ಹೇಳುತ್ತೇನೆ.

ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಬಣ್ಣ ಹಾಕುತ್ತೇವೆ. ಆಮೇಲೆ ಎಣ್ಣೆ ಹನಿ ಬಿಟ್ಟು ದೊಡ್ಡ ಲೆನ್ಸ್‌ನಲ್ಲಿ ಕನಿಷ್ಠ 200 ವೀರ್ಯಾಣುಗಳನ್ನು ಒಂದೊಂದಾಗಿ ನೋಡಿ ಎಣಿಸುತ್ತೇವೆ. ಸರಿಯಾದ ತಲೆ ಹೆಚ್ಚು ಕಡಿಮೆ ಕುಸುಬಿ ಕಾಳಿನ ಹಾಗೆ ಉದ್ದುದ್ದ ಇರುತ್ತದೆ. ಮುಂದಿನ ಅರ್ಧ ಭಾಗದ ಬಣ್ಣ ಸ್ವಲ್ಪ ತಿಳಿ. ಅದು ಅಕ್ರೋಸೋಮ್, ತಲೆಗೆ ಹಾಕಿದ ಟೋಪಿ ಅಂದುಕೊಳ್ಳಿ. ಅಂಡಾಣುವಿನ ಹೊರಗಿನ ಪದರ ದಾಟಲು ಬೇಕಾದ ರಸಗಳು ಅದರೊಳಗೆ ಇರುತ್ತವೆ. ನಿಮ್ಮ ರಿಪೋರ್ಟ್‌ನಂಥ ಸ್ಲೈಡ್‌ನಲ್ಲಿ ತಲೆಗಳು ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತವೆ. ಪುಟ್ಟ ಪುಟ್ಟ ಗುಂಡು. ಟೋಪಿಯೇ ಇಲ್ಲ.

ಆಕಾರ ಕೆಟ್ಟಿದೆ ಅಂತ ಬಂದವರೆಲ್ಲ ಹೆದರಬೇಕಾಗಿಲ್ಲ. ನೂರರಲ್ಲಿ 4 ಸರಿಯಿದ್ದರೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸಾಕು. ಸಾಮಾನ್ಯವಾಗಿ ಕೆಟ್ಟವು ಹತ್ತು ತರ ಇರುತ್ತವೆ. ಒಂದರ ತಲೆ ದೊಡ್ಡದು, ಇನ್ನೊಂದರದು ಚಿಕ್ಕದು, ಮತ್ತೊಂದಕ್ಕೆ ಎರಡು ಬಾಲ. ಎಲ್ಲವೂ ಒಂದೇ ತರ ಕೆಟ್ಟಿದ್ದರೆ ಮಾತು ಬೇರೆ. ನನ್ನ ಹನ್ನೊಂದು ವರ್ಷದಲ್ಲಿ ಅಂಥ ಸ್ಲೈಡ್ ನೋಡಿದ್ದು ಎರಡೇ ಸಲ. ಎರಡೂ ಸಲ ನಮ್ಮ ಸರ್ ಅವರನ್ನು ಕರೆದು ತೋರಿಸಿದೆ.

ಇನ್ನೊಂದು ಸಲ ಟೆಸ್ಟ್ ಮಾಡಿಸಿ. ಕೊಡುವ ಮೊದಲು ಎರಡರಿಂದ ಏಳು ದಿನ ವೀರ್ಯ ಹೊರಹೋಗದಂತೆ ಇರಿ. ಸಾಧ್ಯವಾದಷ್ಟು ಲ್ಯಾಬ್‌ನಲ್ಲೇ ಕೊಡಿ. ಮನೆಯಿಂದ ತರುವುದಾದರೆ ಡಬ್ಬಿಯನ್ನು ಅಂಗಿಯ ಒಳಗೆ ಮೈಗೆ ತಾಗಿಸಿಕೊಂಡು ಒಂದು ಗಂಟೆಯೊಳಗೆ ತಲುಪಿಸಿ. ನಮ್ಮ ಮೇ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ತಂದರೆ ಓಡಾಟದ ಲೆಕ್ಕ ಪೂರ್ತಿ ಕೆಟ್ಟುಹೋಗುತ್ತದೆ.

---

ಬೀದರ್_ಅಕ್ಕ:

ತಮ್ಮ, ನೀವು ಬರೆದದ್ದು ಒಳ್ಳೆಯದಾಯಿತು. ನನ್ನ ತವರು ಬೀದರ್, ಮಂಗಲಪೇಟೆ. ಪಶುವೈದ್ಯಕೀಯ ಓದಿ, ಆಮೇಲೆ ಒಂಬತ್ತು ವರ್ಷ ಬೇರೆ ಊರಿನ ಲ್ಯಾಬ್‌ನಲ್ಲಿ ಇಲಿಗಳ ಜೊತೆಗೇ ಕೆಲಸ ಮಾಡಿದೆ. ನನ್ನ ವಿಷಯವೇ ಗಂಡು ಇಲಿಗಳ ಬಂಜೆತನ. ಆದ್ದರಿಂದ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಾನು ಕಣ್ಣಾರೆ ಕಂಡದ್ದು. ಸಂಜೆ ಒಂದು ಗಂಡಿಲಿಯ ಪಂಜರಕ್ಕೆ ಎರಡು ಹೆಣ್ಣಿಲಿ ಬಿಡುತ್ತೇವೆ. ಬೆಳಿಗ್ಗೆ ಎಂಟರೊಳಗೆ ಹೋಗಿ ಹೆಣ್ಣಿಲಿಯ ಬಾಲ ಮೆಲ್ಲಗೆ ಎತ್ತಿ ನೋಡಬೇಕು. ರಾತ್ರಿ ಕೂಡಿದ್ದರೆ ಅಲ್ಲಿ ಬಿಳಿ ಮೇಣದಂಥ ಗಟ್ಟಿ ಬೆಣೆ ಇರುತ್ತದೆ. ನಾವು ಪ್ಲಗ್ ಅನ್ನುತ್ತೇವೆ. ಬೆಣೆ ಕಂಡರೆ ದಿನಾಂಕ ಬರೆದಿಡುತ್ತೇವೆ. ಸುಮಾರು 20 ದಿನಕ್ಕೆ ಮರಿ.

ನನ್ನ ಕೈಗೆ ಬಂದ ಮೊದಲ ಬಂಜೆ ಗಂಡು ಒಂದು ಕಪ್ಪು ಇಲಿ. ಮೈ ಮಿರಮಿರ ಹೊಳೆಯುತ್ತಿತ್ತು. ಚೆನ್ನಾಗಿ ತಿನ್ನುತ್ತಿತ್ತು, ಚೆನ್ನಾಗಿ ಕೂಡುತ್ತಿತ್ತು. ವಾರ ವಾರ ಬೆಣೆ ಸಿಗುತ್ತಿತ್ತು. ಮೂರು ತಿಂಗಳಾದರೂ ಆ ಪಂಜರದಲ್ಲಿ ಒಂದು ಮರಿ ಇಲ್ಲ. ಪಕ್ಕದ ಪಂಜರದಲ್ಲಿ ಅದರದೇ ಅಣ್ಣತಮ್ಮಂದಿರಿಗೆ ಏಳೆಂಟು ಮರಿಗಳ ಹಿಂಡು. ನಾನು ಮೊದಲು ಏನು ಮಾಡಿದೆ ಗೊತ್ತಾ? ಹೆಣ್ಣಿಲಿಗಳನ್ನು ಬದಲಾಯಿಸಿದೆ. ಮತ್ತೆ ಬದಲಾಯಿಸಿದೆ. ಆರು ಹೆಣ್ಣಿಲಿ ಆದ ಮೇಲೆ ನಮ್ಮ ಮೇಡಂ ಕೇಳಿದರು, ‘ಗಂಡನ್ನು ಯಾಕೆ ಇನ್ನೂ ನೋಡಿಲ್ಲ?’ ನನಗೆ ಆ ದಿನ ನಿದ್ದೆ ಬರಲಿಲ್ಲ. ಊರಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಏನು ಮಾಡುತ್ತಾರೋ ಲ್ಯಾಬ್‌ನಲ್ಲಿ ನಾನೂ ಅದನ್ನೇ ಮಾಡಿದ್ದೆ.

ಮರುದಿನ ಆ ಗಂಡಿನ ವೀರ್ಯಾಣು ನೋಡಿದೆ. ವೃಷಣದ ಬೆನ್ನಿಗೆ ಎಪಿಡಿಡಿಮಿಸ್ ಅನ್ನುವ ಸುರುಳಿ ನಾಳ ಅಂಟಿಕೊಂಡಿರುತ್ತದೆ. ಅದರ ತುದಿಯನ್ನು 37 ಡಿಗ್ರಿಗೆ ಕಾಯಿಸಿದ ಹನಿಯಲ್ಲಿಟ್ಟು ಸಣ್ಣಗೆ ಗೀರಿದರೆ, ವೀರ್ಯಾಣುಗಳು ಊದುಬತ್ತಿ ಹೊಗೆಯ ಹಾಗೆ ಸುತ್ತಿ ಸುತ್ತಿ ಹೊರಬರುತ್ತವೆ. ಇಲಿಯ ವೀರ್ಯಾಣುವಿನ ತಲೆ ನಮ್ಮದರ ಹಾಗಲ್ಲ, ಕುಡುಗೋಲಿನ ಹಾಗೆ ಕೊಕ್ಕೆ ಬಾಗಿರುತ್ತದೆ. ಈ ಗಂಡಿನಲ್ಲಿ ಒಂದೂ ಕುಡುಗೋಲು ಇರಲಿಲ್ಲ. ಎಲ್ಲಾ ಗುಂಡು. ಲ್ಯಾಬ್_ಕಲಬುರಗಿ ಸರ್ ಹೇಳಿದ ಅದೇ ಸಾಸಿವೆ.

ಈಗ ಜೀನ್. ನಿಮ್ಮ ಡಾಕ್ಟರ್ ಹೇಳಿದ್ದು ಬಹುಶಃ ಡಿಪಿವೈ19ಎಲ್2 ಅನ್ನುವ ಜೀನ್. 2011ರಲ್ಲಿ ದುಂಡು ತಲೆಯ ಹಲವು ಗಂಡಸರಲ್ಲಿ ಈ ಜೀನ್ ಇಡಿಯಾಗಿ ಕಳಚಿಹೋಗಿರುವುದು ಗೊತ್ತಾಯಿತು. ಮುಂದಿನ ವರ್ಷ ಇಲಿಯಲ್ಲಿ ಅದೇ ಜೀನ್ ತೆಗೆದು ನೋಡಿದರು. ಇಲಿಗೂ ದುಂಡು ತಲೆ, ಟೋಪಿ ಇಲ್ಲ, ಮರಿ ಇಲ್ಲ. ಮನುಷ್ಯನ ವೃಷಣ ಬಗೆದು ಹಂತ ಹಂತವಾಗಿ ನೋಡಲು ಆಗುವುದಿಲ್ಲ ಅಲ್ವಾ? ಇಲಿಯಲ್ಲಿ ನೋಡಬಹುದು. ವೀರ್ಯಾಣು ತಯಾರಾಗಲು ನಮ್ಮಲ್ಲಿ ಸುಮಾರು 74 ದಿನ ಬೇಕು, ಇಲಿಯಲ್ಲಿ 35 ದಿನ. ನಿಮಗೂ ಇಲಿಗೂ ಇರುವ ಸಂಬಂಧ ಅದು. ಒಂದೇ ಕಾರಖಾನೆ, ಒಂದೇ ತರದ ಬಿಡಿಭಾಗ, ಅಲ್ಲಿ ಬಾಗಿಲು ತೆಗೆದು ನೋಡಬಹುದು.

ಆ ಜೀನ್ ಮಾಡುವ ಕೆಲಸ ಹೀಗೆ. ವೀರ್ಯಾಣು ಮೊದಲು ದುಂಡನೆಯ ಕೋಶವೇ. ಆಮೇಲೆ ಅದರ ಒಂದು ಬದಿಗೆ ಟೋಪಿ ಕೂರುತ್ತದೆ, ತಲೆ ಉದ್ದವಾಗುತ್ತದೆ, ಬಾಲ ಬರುತ್ತದೆ. ಆ ಟೋಪಿ ಒಳಗಿನ ಕೇಂದ್ರಕ್ಕೆ, ಅಂದರೆ ಡಿಎನ್‌ಎ ಇರುವ ಗೂಡಿಗೆ, ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಡಿಪಿವೈ19ಎಲ್2 ಜೀನ್‌ನಿಂದ ಬರುವ ಪ್ರೋಟೀನ್ ಕೇಂದ್ರದ ಒಳಪೊರೆಯಲ್ಲಿ ನಿಂತು ಆ ಹಿಡಿತ ಕೊಡುತ್ತದೆ. ಅದು ಇಲ್ಲದಿದ್ದರೆ ಟೋಪಿ ಸಡಿಲವಾಗಿ ಬಿದ್ದುಹೋಗುತ್ತದೆ. ತಲೆ ದುಂಡಗೇ ಉಳಿಯುತ್ತದೆ. ಗಂಡಸುತನ, ಶಕ್ತಿ, ಮೀಸೆ, ದನಿ ಯಾವುದಕ್ಕೂ ಈ ಜೀನ್‌ಗೂ ಸಂಬಂಧವಿಲ್ಲ. ನೀವು ಆರೋಗ್ಯವಾಗಿರುವುದು ಅದಕ್ಕೇ.

ಒಂದೇ ಜೀನ್‌ನಿಂದ ಆಗುತ್ತಾ ಅಂತ ಕೇಳಿದಿರಿ. ಆಗುತ್ತದೆ, ಮತ್ತು ಇದೊಂದೇ ಜೀನ್ ಅಲ್ಲ. ಜಿಒಪಿಸಿ, ಪಿಕ್1 ಅನ್ನುವ ಜೀನ್‌ಗಳು ಕೆಟ್ಟರೂ ಇಲಿಗೆ ದುಂಡು ತಲೆಯೇ ಬರುತ್ತದೆ. ಟೋಪಿ ಕಟ್ಟಲು ಸಾಮಾನು ಸಾಗಿಸುವ ಕೆಲಸ ಅವುಗಳದ್ದು. ಬಾಲದ ತೊಂದರೆ ಬೇರೆ. ಕ್ಯಾಟ್‌ಸ್ಪರ್1 ಅನ್ನುವುದು ಬಾಲದೊಳಕ್ಕೆ ಕ್ಯಾಲ್ಸಿಯಂ ಬಿಡುವ ಬಾಗಿಲು. ಅದನ್ನು 2001ರಲ್ಲಿ ಪತ್ತೆ ಹಚ್ಚಿದರು. ಅದಿಲ್ಲದ ಇಲಿಯ ವೀರ್ಯಾಣು ಈಜುತ್ತದೆ, ಆದರೆ ಕೊನೆಗೆ ಬಾರುಕೋಲು ಬೀಸಿದ ಹಾಗೆ ಬಾಲ ಬಡಿಯಲು ಅದಕ್ಕೆ ಆಗುವುದಿಲ್ಲ. ಅಂಡಾಣುವಿನ ಪದರ ಒಡೆಯಲು ಆ ಪೆಟ್ಟೇ ಬೇಕು. ಡಿಎನ್‌ಎಎಚ್1 ಕೆಟ್ಟರೆ ಮನುಷ್ಯರಲ್ಲಿ ಬಾಲ ಮೊಟಕು, ಸುರುಳಿ, ಕೆಲವಕ್ಕೆ ಬಾಲವೇ ಇಲ್ಲ.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಇಜುಮೊ1. ಜಪಾನಿನವರು 2005ರಲ್ಲಿ ಕಂಡುಹಿಡಿದರು. ಅವರ ನಾಡಿನಲ್ಲಿ ಕಂಕಣಭಾಗ್ಯಕ್ಕೆ ಹರಕೆ ಹೊರುವ ಇಜುಮೊ ದೇಗುಲ ಇದೆ, ಅದರ ಹೆಸರನ್ನೇ ಇಟ್ಟರು. ಈ ಜೀನ್ ಇಲ್ಲದ ಇಲಿಯ ವೀರ್ಯಾಣು ನೋಡಲು ಪೂರ್ತಿ ಸರಿ. ಎಣಿಕೆ ಸರಿ, ಆಕಾರ ಸರಿ, ಓಟ ಸರಿ. ಪದರವನ್ನೂ ದಾಟುತ್ತದೆ. ಅಂಡಾಣುವಿನ ಮೈಗೆ ಬಂದು ತಾಗುತ್ತದೆ, ಅಷ್ಟೇ. ಒಳಗೆ ಬೆರೆಯುವುದಿಲ್ಲ. ಅದನ್ನೇ ಸೂಜಿಯಿಂದ ಒಳಗೆ ಬಿಟ್ಟರೆ ಆರೋಗ್ಯವಾದ ಮರಿ ಹುಟ್ಟುತ್ತದೆ. ರಿಪೋರ್ಟ್ ನಾರ್ಮಲ್ ಬಂತು ಅಂದಮಾತ್ರಕ್ಕೆ ಗಂಡಿನ ಕಡೆ ಏನೂ ಇಲ್ಲ ಅನ್ನಲು ಬರುವುದಿಲ್ಲ ಅಂತ ನಾನು ಕಲಿತದ್ದು ಇದರಿಂದ.

ಹಾಗಂತ ವೃಷಣದಲ್ಲಿ ಕೆಲಸ ಮಾಡುವ ಜೀನ್ ಎಲ್ಲವೂ ಇಷ್ಟು ಮುಖ್ಯ ಅಂತಲ್ಲ. 2016ರಲ್ಲಿ ಜಪಾನ್ ಮತ್ತು ಅಮೆರಿಕದ ತಂಡವೊಂದು ಅಂಥ 54 ಜೀನ್‌ಗಳ ಪಟ್ಟಿ ಕೊಟ್ಟಿತು. ಒಂದೊಂದನ್ನು ತೆಗೆದರೂ ಗಂಡಿಲಿಗೆ ಮರಿ ಆಗಿಯೇ ಆದವು. ಎಲ್ಲ ವಿಷಯದಲ್ಲೂ ಇಲಿ ನಮ್ಮ ಹಾಗೆಯೂ ಅಲ್ಲ. ನಮ್ಮ ವೈ ಕ್ರೋಮೋಸೋಮ್ ಮೇಲೆ ಡಿಎಝಡ್ ಅನ್ನುವ ಜೀನ್‌ಗಳಿವೆ, ಅವು ಕಳಚಿದರೆ ವೀರ್ಯಾಣು ತೀರಾ ಕಡಿಮೆ ಆಗುತ್ತವೆ ಅಥವಾ ಇರುವುದೇ ಇಲ್ಲ. ಇಲಿಯ ವೈ ಮೇಲೆ ಆ ಜೀನೇ ಇಲ್ಲ. ನಿಮ್ಮ ಎಣಿಕೆ 4 ಕೋಟಿ ಇದೆ, ಹಾಗಾಗಿ ವೈ ಟೆಸ್ಟ್‌ಗೆ ಸುಮ್ನೆ ದುಡ್ಡು ಹಾಕುವ ಮೊದಲು ಡಾಕ್ಟರನ್ನು ಕೇಳಿ.

ಇನ್ನು ನಿಮ್ಮ ಮನೆತನ. ನೀವು ಕೊನೆಯಲ್ಲಿ ‘ಹೇಳಬೇಕು ಅನ್ನಿಸಿತು’ ಅಂತ ಬರೆದಿರಲ್ಲ, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಡಿಪಿವೈ19ಎಲ್2 ಜೀನ್‌ಗೆ ಎರಡು ಪ್ರತಿ. ಒಂದು ಅಪ್ಪನಿಂದ, ಒಂದು ಅವ್ವನಿಂದ. ಒಂದು ಪ್ರತಿ ಹೋದರೂ ಇನ್ನೊಂದು ಕೆಲಸ ನಡೆಸುತ್ತದೆ. ನನ್ನ ಕಪ್ಪು ಇಲಿಯ ಅಪ್ಪನಿಗೂ ಒಂದು ಪ್ರತಿ ಇರಲಿಲ್ಲ, ಅದಕ್ಕೆ ಮರಿಗಳ ಮೇಲೆ ಮರಿ ಆಗಿದ್ದವು. ಎರಡೂ ಪ್ರತಿ ಹೋದ ಗಂಡಿಗೆ ಮಾತ್ರ ತೊಂದರೆ. ಎರಡೂ ಹೋದ ಹೆಣ್ಣಿಲಿಗೂ ಏನೂ ಆಗುವುದಿಲ್ಲ, ಯಾಕೆಂದರೆ ಈ ಜೀನ್‌ನ ಕೆಲಸ ಇರುವುದು ವೀರ್ಯಾಣುವಿನಲ್ಲಿ.

ನಿಮ್ಮ ಅಪ್ಪನ ಅಪ್ಪ ಅಥವಾ ಅವ್ವ, ಇಬ್ಬರಲ್ಲಿ ಒಬ್ಬರಿಗೆ ಒಂದು ಪ್ರತಿ ಇರಲಿಲ್ಲ ಅಂದುಕೊಳ್ಳಿ. ಆ ಕೊರತೆ ನಿಮ್ಮ ಅಪ್ಪನಿಗೂ ಬಂತು, ಅಪ್ಪನ ಅಕ್ಕನಿಗೂ ಬಂತು. ಅಕ್ಕನಿಂದ ನಿಮ್ಮ ಅವ್ವನಿಗೆ. ಅಪ್ಪ ಅವ್ವ ಇಬ್ಬರೂ ಆರೋಗ್ಯವಂತರೇ. ಆದರೆ ಅವರ ಒಂದೊಂದು ಮಗುವಿಗೂ ಎರಡೂ ಪ್ರತಿ ತಪ್ಪುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಿಮಗೆ ಹಾಗಾಗಿರಬಹುದು. ನಿಮ್ಮ ಅಣ್ಣನಿಗೂ ಆಗಿರಬಹುದು. ತಂಗಿಗೆ ಆಗಿದ್ದರೂ ಅವಳಿಗೆ ಮಕ್ಕಳಾಗಲು ಅಡ್ಡಿಯಿಲ್ಲ. ಸಂಬಂಧದಲ್ಲಿ ಮದುವೆ ನಮ್ಮ ಕಡೆ ತಲೆತಲಾಂತರದಿಂದ ಇದೆ. ನಮ್ಮ ಮನೆಯಲ್ಲೂ ಇದೆ. ಹಿರಿಯರನ್ನು ಬೈಯಲು ನಾನಿದನ್ನು ಹೇಳುತ್ತಿಲ್ಲ. ಒಂದೇ ಕೊರತೆ ಎರಡು ದಾರಿಯಿಂದ ಬಂದು ಒಂದೇ ಕಡೆ ಸೇರಲು ಅದು ಅವಕಾಶ ಕೊಡುತ್ತದೆ, ಅಷ್ಟು ತಿಳಿದಿರಲಿ.

ರಕ್ತದ ಟೆಸ್ಟ್ ಮಾಡಿಸಿ. ಜೀನ್ ಇಡಿಯಾಗಿ ಹೋಗಿದೆಯಾ ಅಂತ ಮೊದಲು ನೋಡುತ್ತಾರೆ. ಜೀನ್ ಇದ್ದರೆ ಒಳಗೆ ಅಕ್ಷರ ತಪ್ಪಿದೆಯಾ ಅಂತ ಓದುತ್ತಾರೆ. ರಕ್ತ ಇಲ್ಲೇ ಕೊಡಬಹುದು, ದೊಡ್ಡ ಊರಿಗೆ ಕಳಿಸುತ್ತಾರೆ.

ಮತ್ತೆ ನಿಮ್ಮ ಅಣ್ಣನಿಗೆ ಹೇಳಿ. ದಯವಿಟ್ಟು ಹೇಳಿ.

---

ಯಾದಗಿರಿ_ಲಾರಿ:

ಅಕ್ಕೋರೆ, ಒಂದು ಅನುಮಾನ. ನಾನು ಲಾರಿ ಓಡಿಸುವವ. ದಿನಕ್ಕೆ ಹನ್ನೆರಡು ತಾಸು ಎಂಜಿನ್ ಕಾವಿನ ಮೇಲೆ ಕೂತಿರುತ್ತೇನೆ. ನನ್ನ ಎಣಿಕೆಯೂ ಕಡಿಮೆ ಬಂದಿದೆ, 90 ಲಕ್ಷ. ನಮ್ಮಲ್ಲಿ ಬೇಸಿಗೆ ನಿಮಗೆ ಗೊತ್ತೇ ಇದೆ. ಈ ಅಣ್ಣಾವರಿಗೂ ಕಾವಿನಿಂದ ಆಗಿರಬಹುದಲ್ಲ? ನನಗೂ ಜೀನ್ ಟೆಸ್ಟ್ ಬೇಕಾ?

---

ಬೀದರ್_ಅಕ್ಕ:

ಒಳ್ಳೆಯ ಪ್ರಶ್ನೆ ಅಣ್ಣಾ. ವೃಷಣ ಹೊಟ್ಟೆಯ ಹೊರಗೆ ತೂಗುವುದೇ ತಂಪಿಗಾಗಿ. ಮೈ ಕಾವಿಗಿಂತ ಎರಡು ಮೂರು ಡಿಗ್ರಿ ಕಡಿಮೆ ಇದ್ದರೆ ಕೆಲಸ ಚೆನ್ನಾಗಿ ನಡೆಯುತ್ತದೆ. ಕಾವು ಏರಿದರೆ ಎಣಿಕೆ ಇಳಿಯುತ್ತದೆ, ಓಟ ಕುಂದುತ್ತದೆ, ಆಕಾರಗಳು ನಾನಾ ತರ ಕೆಡುತ್ತವೆ. ನೂರಕ್ಕೆ ನೂರು ಒಂದೇ ತರ ಟೋಪಿ ಬೀಳುವುದು ಕಾವಿನಿಂದ ಆಗುವುದಲ್ಲ.

ನಿಮ್ಮದು ಬೇರೆ. ಮೊದಲು ವೆರಿಕೋಸೀಲ್ ಇದೆಯಾ ಅಂತ ಡಾಕ್ಟರ್ ಕೈಯಿಂದ ನೋಡಿಸಿ, ಅಂದರೆ ಅಲ್ಲಿನ ರಕ್ತನಾಳ ಊದಿಕೊಂಡಿದೆಯಾ ಅಂತ. ಸಾಧ್ಯವಾದಾಗ ಇಳಿದು ಓಡಾಡಿ. ಗುಟ್ಕಾ, ಬೀಡಿ ಇದ್ದರೆ ಬಿಡಿ. ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ. ಹೊಸ ವೀರ್ಯಾಣು ಹುಟ್ಟಿ ಬರಲು ಅಷ್ಟು ದಿನ ಬೇಕು. ಎಣಿಕೆ 50 ಲಕ್ಷಕ್ಕಿಂತ ಕೆಳಗೆ ಇಳಿದರೆ ಆಗ ಕ್ರೋಮೋಸೋಮ್ ಮತ್ತು ವೈ ಟೆಸ್ಟ್ ಮಾತು ಬರುತ್ತದೆ.

---

ಸೇಡಂ_ತೊಗರಿ:

ಅಕ್ಕಾ, ನಿಮ್ಮ ಉತ್ತರವನ್ನು ನಾಲ್ಕು ಸಲ ಓದಿದೆ. ಆಮೇಲೆ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಆರು ಹೆಣ್ಣಿಲಿ ಬದಲಾಯಿಸಿದ ಜಾಗಕ್ಕೆ ಬಂದಾಗ ಅವಳು ಎದ್ದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಂದು ‘ಮುಂದ ಓದ್ರಿ’ ಅಂದಳು.

ಅವಳದೇ ಪ್ರಶ್ನೆ ಕೇಳುತ್ತಿದ್ದೇನೆ. ನಮಗೆ ನಮ್ಮದೇ ಮಗು ಆಗುತ್ತಾ? ಆದರೆ ಆ ಮಗುವಿಗೂ ಇದೇ ಬರುತ್ತಾ?

---

ಬೀದರ್_ಅಕ್ಕ:

ಅವರಿಗೆ ನನ್ನ ನಮಸ್ಕಾರ ಹೇಳಿ.

ದಾರಿ ಇದೆ, ಆದರೆ ಸಲೀಸು ಅಂತ ಹೇಳಲಾರೆ. ಇಕ್ಸಿ ಅನ್ನುವ ವಿಧಾನ 1992ರಿಂದ ಇದೆ. ಒಂದು ವೀರ್ಯಾಣುವನ್ನು ಸೂಜಿಯಲ್ಲಿ ಹಿಡಿದು ಅಂಡಾಣುವಿನ ಒಳಗೇ ಬಿಡುತ್ತಾರೆ. ಹಾಗೆ ಬಿಟ್ಟರೆ ಟೋಪಿಯ ಅವಶ್ಯಕತೆ ಇಲ್ಲ. ಆದರೆ ದುಂಡು ತಲೆಯಲ್ಲಿ ಇನ್ನೊಂದು ಕೊರತೆ ಇರುತ್ತದೆ. ವೀರ್ಯಾಣು ಒಳಗೆ ಬಂದ ಕೂಡಲೇ ಅಂಡಾಣುವನ್ನು ಎಬ್ಬಿಸಬೇಕು. ಎಬ್ಬಿಸುವ ಪ್ರೋಟೀನ್ ಹೆಸರು ಪಿಎಲ್‌ಸಿ ಝೀಟಾ. ಟೋಪಿ ಬಿದ್ದ ವೀರ್ಯಾಣುಗಳಲ್ಲಿ ಸಾಮಾನ್ಯವಾಗಿ ಅದೂ ಇರುವುದಿಲ್ಲ. ಡಿಪಿವೈ19ಎಲ್2 ಇಲ್ಲದ ಇಲಿಗಳಲ್ಲೂ ಇರಲಿಲ್ಲ. ಆದ್ದರಿಂದ ಬರೀ ಇಕ್ಸಿ ಮಾಡಿದರೆ ಅಂಡಾಣು ಮಲಗಿದ್ದಲ್ಲೇ ಮಲಗಿರುವುದು ಜಾಸ್ತಿ. ಇಕ್ಸಿ ಜೊತೆಗೆ ಕ್ಯಾಲ್ಸಿಯಂ ಅಯೋನೋಫೋರ್ ಅನ್ನುವ ದ್ರವದಲ್ಲಿ ಅಂಡಾಣುವನ್ನು ಸ್ವಲ್ಪ ಹೊತ್ತು ಇಟ್ಟು ಎಬ್ಬಿಸುವ ಪದ್ಧತಿ ಇದೆ. ಹೀಗೆ ದುಂಡು ತಲೆಯ ಗಂಡಸರಿಗೆ ಮಕ್ಕಳಾಗಿವೆ. ಪ್ರತಿ ಸಲವೂ ಆಗುವುದಿಲ್ಲ. ಈ ವೀರ್ಯಾಣುಗಳಲ್ಲಿ ಡಿಎನ್‌ಎ ಕಟ್ಟು ಸಡಿಲ ಇರುವುದೂ ಉಂಟು, ಭ್ರೂಣ ನಡುವೆಯೇ ನಿಂತುಬಿಡಬಹುದು. ಆಸ್ಪತ್ರೆ ಆರಿಸುವಾಗ ಒಂದೇ ಮಾತು ಕೇಳಿ: ‘ದುಂಡು ತಲೆಗೆ ಇಕ್ಸಿ ಜೊತೆ ಅಂಡಾಣು ಎಬ್ಬಿಸುವುದನ್ನು ನೀವು ಮಾಡಿದ್ದೀರಾ?’ ಇಲ್ಲ ಅಂದರೆ ಅಲ್ಲಿ ದುಡ್ಡು ಕಟ್ಟಬೇಡಿ. ಶಕ್ತಿ ಬರುತ್ತದೆ ಅಂತ ಪುಡಿ, ಲೇಹ್ಯ ಮಾರುವವರ ಹತ್ತಿರವೂ ಹೋಗಬೇಡಿ. ಇಲ್ಲದ ಜೀನನ್ನು ಯಾವ ಪುಡಿಯೂ ತರಲಾರದು.

ಎರಡನೇ ಪ್ರಶ್ನೆ. ನಿಮ್ಮ ರಕ್ತದಲ್ಲಿ ಈ ಜೀನ್ ಹೋಗಿದೆ ಅಂತ ಖಚಿತವಾದರೆ, ನಿಮ್ಮ ಹೆಂಡತಿಯ ರಕ್ತವನ್ನೂ ಅದೇ ಟೆಸ್ಟ್‌ಗೆ ಕೊಡಿಸಿ. ಕೊರತೆ ಅಪ್ಪನ ಕಡೆಯ ಅಜ್ಜ ಅಜ್ಜಿಯಿಂದ ಬಂದದ್ದೇ ಆಗಿದ್ದರೆ, ಅಪ್ಪನ ಅಕ್ಕನ ಮಗನಾದ ನಿಮ್ಮ ಮಾವನಿಗೆ ಅದು ಬಂದಿರುವ ಸಾಧ್ಯತೆ ಅರ್ಧ, ನಿಮ್ಮ ಹೆಂಡತಿಗೆ ಕಾಲು. ಅವರ ಎರಡೂ ಪ್ರತಿ ಸರಿಯಿದ್ದರೆ ನಿಮ್ಮ ಮಕ್ಕಳಿಗೆ ಒಂದು ಪ್ರತಿ ಮಾತ್ರ ತಪ್ಪುತ್ತದೆ, ತೊಂದರೆ ಇಲ್ಲ. ಅವರಲ್ಲೂ ಒಂದು ಪ್ರತಿ ಇಲ್ಲದಿದ್ದರೆ, ಹುಟ್ಟುವ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಎರಡೂ ತಪ್ಪಬಹುದು. ಗಂಡುಮಗುವಾದರೆ ಅವನಿಗೂ ನಿಮ್ಮದೇ ಸಮಸ್ಯೆ. ಹೆಣ್ಣುಮಗುವಾದರೆ ಏನೂ ಇಲ್ಲ.

---

ಭೀಮಾತೀರ:

ನಾನು ಜೇವರ್ಗಿ ತಾಲೂಕಿನವಳು. ವಯಸ್ಸು 51. ನನಗೆ ಮಕ್ಕಳಿಲ್ಲ. ಅಫಜಲಪುರದ ಕಡೆಗೆ ಕೊಟ್ಟಿದ್ದರು, ಒಂಬತ್ತು ವರ್ಷ ಇದ್ದು ವಾಪಸ್ ಬಂದೆ. ಸೀಮಂತಕ್ಕೆ ಕರೆಯುತ್ತಿರಲಿಲ್ಲ. ಕರೆದರೂ ಉಡಿ ತುಂಬಲು ನನ್ನ ಕೈ ಮುಂದೆ ಬಿಡುತ್ತಿರಲಿಲ್ಲ. ಅವರು ಆಮೇಲೆ ಇನ್ನೊಂದು ಮದುವೆಯಾದರು, ಅಲ್ಲೂ ಮಕ್ಕಳಾಗಲಿಲ್ಲ ಅಂತ ಕೇಳಿದೆ. ನನಗೆ ಯಾರೂ ಬಂದು ಏನೂ ಹೇಳಲಿಲ್ಲ.

ಸೇಡಂ ತಮ್ಮಾ, ನಿಮ್ಮ ಮೊದಲ ವೈನಿ ಈಗ ಎಲ್ಲಿದ್ದಾರೆ?

---

ಸೇಡಂ_ತೊಗರಿ:

ಅವರು ಚಿತ್ತಾಪುರ ಹತ್ತಿರ ತವರಿನಲ್ಲಿದ್ದಾರೆ. ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾರೆ.

ನಿನ್ನೆ ರಾತ್ರಿ ಹೊಲದ ಬದುವಿನ ಮೇಲೆ ಕೂತು ಅಣ್ಣನಿಗೆ ಎಲ್ಲಾ ಹೇಳಿದೆ. ಮೊದಲು ಸಿಟ್ಟಿಗೆದ್ದ. ‘ನಿನಗ ಆಗ್ಯದ ಅಂತ ನನಗೂ ಹಚ್ಚತಿ ಏನು’ ಅಂದ. ನಾನು ಮಾತಾಡಲಿಲ್ಲ, ರಿಪೋರ್ಟ್ ಕೈಗೆ ಕೊಟ್ಟು ಮೊಬೈಲ್ ಬೆಳಕು ಹಿಡಿದೆ. ಬಹಳ ಹೊತ್ತು ನೋಡುತ್ತಾ ಕೂತ. ಆಮೇಲೆ ‘ಈ ಟೆಸ್ಟಿಗೆ ಎಷ್ಟ್ ಹೊತ್ತು ಬೇಕು’ ಅಂತ ಕೇಳಿದ.

ಶುಕ್ರವಾರ ಬೆಳಗಿನ ಬಸ್ಸಿಗೆ ಇಬ್ಬರೂ ಕಲಬುರಗಿಗೆ ಹೋಗುತ್ತೇವೆ. ಅವನದೂ ದುಂಡು ತಲೆ ಅಂತ ಬಂದರೆ, ವಾಪಸ್ ಬರುವಾಗ ಚಿತ್ತಾಪುರದಲ್ಲಿ ಇಳಿಯಬೇಕು ಅಂತ ಅವನೇ ಹೇಳಿದ್ದಾನೆ.